ಪುಕ್ಕಟೆ ಕಂಪೈಲರ್ ಮತ್ತು ಟಗರಿನ ತಾತ

"ಸಾಫ್ಟ್‌ವೇರ್ ತಾನೆ? ನಾನೇ ಮಾಡ್ಕೊಡ್ತೀನಿ ಬುಡಿ" ಎಂದು ನಾನು ಬಾಯಿ ಬಿಟ್ಟದ್ದು ಬಂಡೂರಿನ ಒಂದು ಕುರಿದೊಡ್ಡಿಯ ಮುಂದೆ, ಸುತ್ತಮುತ್ತಲ ಕುರಿ ಸಾಕುವವರೆಲ್ಲ ಸೇರಿದ್ದ ಒಂದು ಬೆಳಿಗ್ಗೆ. ಯಾರೂ ನನ್ನನ್ನು ಕೇಳಿರಲಿಲ್ಲ. ಅವರು ಕೇಳಿದ್ದು ಹುಳದ ಔಷಧಿ.

ನಾನು ಮಳವಳ್ಳಿ ಕಡೆಯ ಹಳ್ಳಿಗಳಲ್ಲಿ ದನ ಕುರಿಗಳಿಗೆ ಸೂಜಿ ಚುಚ್ಚುವ ಕೆಲಸದಲ್ಲಿರುವವನು. ಜನ ಮರ್ಯಾದೆಗೆ ಡಾಕ್ಟ್ರೇ ಅನ್ನುತ್ತಾರೆ, ನಾನೂ ಮರ್ಯಾದೆಗೆ ತಿದ್ದುವುದಿಲ್ಲ. ಇಪ್ಪತ್ತು ವರ್ಷದಿಂದ ಬಂಡೂರು ತಳಿಯ ಕುರಿಗಳ ಕಿವಿಯ ಬಿಲ್ಲೆಯ ನಂಬರು, ಯಾವ ಕುರಿ ಯಾವ ಟಗರಿಗೆ ಯಾವ ಮರಿ ಹಾಕಿತು ಅನ್ನುವುದನ್ನೆಲ್ಲ ನೋಟ್ ಪುಸ್ತಕಗಳಲ್ಲಿ ಬರೆದಿಟ್ಟಿದ್ದೆ. ಹನ್ನೊಂದು ಪುಸ್ತಕ. ಒಂದು ಟಗರಿನ ತಾತ ಯಾರೆಂದು ಹುಡುಕಬೇಕಾದರೆ ಅರ್ಧ ದಿನ ಬೇಕು, ಅಷ್ಟರಲ್ಲಿ ಕೇಳಿದವನು ಕುರಿ ಮಾರಿ ಊಟವನ್ನೂ ಮಾಡಿ ಮುಗಿಸಿರುತ್ತಿದ್ದ. ಇದನ್ನೆಲ್ಲ ಕಂಪ್ಯೂಟರಿಗೆ ಹಾಕಿ, ನಂಬರು ಒತ್ತಿದ ಕೂಡಲೇ ಅಪ್ಪ, ತಾತ, ಮುತ್ತಾತ ಪರದೆಯ ಮೇಲೆ ಬಂದು ನಿಲ್ಲುವ ಹಾಗೆ ಮಾಡುತ್ತೇನೆ ಎಂದು ಆವತ್ತು ಘೋಷಿಸಿಬಿಟ್ಟೆ. ಕುರಿದೊಡ್ಡಿಯಲ್ಲಿ ಮೊಬೈಲ್ ಸಿಗ್ನಲ್ಲು ಸಿಕ್ಕರೆ ಅದೃಷ್ಟ. ಹಾಗಾಗಿ ಇಂಟರ್‌ನೆಟ್ ಬೇಡದ, ಕಂಪ್ಯೂಟರಿನೊಳಗೇ ಕೂತು ಕೆಲಸ ಮಾಡುವ ಪ್ರೋಗ್ರಾಮೇ ಆಗಬೇಕಿತ್ತು.

ಆ ದೊಡ್ಡಿಯ ಯಜಮಾನರು ಊರಿಗೆಲ್ಲ ದೊಡ್ಡ ಕುರಿ ಸಾಕಣೆದಾರರು. ಯಾರಾದರೂ ಫೋಟೋ ತೆಗೆಯಲು ಬಂದರೆ ಒಳಗೆ ಹೋಗಿ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದು, ತಮ್ಮ ದೊಡ್ಡ ಟಗರಿನ ಪಕ್ಕ ಮದುವೆ ಗಂಡಿನ ಅಪ್ಪನಂತೆ ನಿಲ್ಲುತ್ತಿದ್ದರು. ಹಿಕ್ಕೆ ಬಾಚುವುದು, ಹೆರಿಗೆ ನೋಡುವುದು, ಮರಿಗೆ ಹಾಲು ಕುಡಿಸುವುದು ಅವರ ಹೆಂಡತಿಯ ಕೆಲಸ. ಫೋಟೋದಲ್ಲಿ ನಿಲ್ಲುವ ಕಷ್ಟದ ಕೆಲಸವನ್ನು ಮಾತ್ರ ಅವರು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ.

"ಮಾಡಿ ಡಾಕ್ಟ್ರೇ. ನಮ್ ಟಗರು ಎಂಥಾ ಅಸಲಿ ಅಂತ ಕಂಪ್ಯೂಟ್ರೇ ಯೋಳ್ಲಿ" ಎಂದರು ಯಜಮಾನರು.

ನನ್ನ ಧೈರ್ಯಕ್ಕೆ ಒಂದು ಆಧಾರವಿತ್ತು. ಮೂವತ್ತು ವರ್ಷದ ಹಿಂದೆ, ಪಿಯುಸಿ ಮುಗಿದ ಮೇಲೆ, ಮಂಡ್ಯದಲ್ಲಿ ಆರು ತಿಂಗಳು ಕಂಪ್ಯೂಟರ್ ಕ್ಲಾಸಿಗೆ ಹೋಗಿದ್ದೆ. ಇಪ್ಪತ್ತು ಜನಕ್ಕೆ ಒಂದು ಕಂಪ್ಯೂಟರು. ಚಪ್ಪಲಿ ಹೊರಗೆ ಬಿಟ್ಟು, ಕಾಲು ಒರೆಸಿಕೊಂಡು, ಗಾಜಿನ ಕೋಣೆಯೊಳಗೆ ಹೋಗಿ ದೂರದಿಂದ ದರ್ಶನ ಮಾಡಿ ಬರಬೇಕು. ಪ್ರೋಗ್ರಾಮುಗಳನ್ನು ನಾವು ಪುಸ್ತಕದಲ್ಲೇ ಬರೆಯುತ್ತಿದ್ದೆವು, ಮೇಷ್ಟ್ರು ಕೆಂಪು ಶಾಯಿಯಲ್ಲಿ ಸರಿ ಗುರುತು ಹಾಕುತ್ತಿದ್ದರು. ನಾವು ಬರೆದದ್ದನ್ನು ಯಂತ್ರಕ್ಕೆ ತಿಳಿಯುವ ಭಾಷೆಗೆ ತಿರುಗಿಸಿ, ತಪ್ಪಿದ್ದರೆ ಬೈದು ವಾಪಸು ಕಳಿಸುವ ಒಂದು ಸಲಕರಣೆ ಇದೆ, ಅದರ ಹೆಸರು ಕಂಪೈಲರ್ ಎಂದು ಅವರು ಹೇಳಿದ್ದರು. ನಾವು ಅದನ್ನು ನೋಡಲಿಲ್ಲ. ಕೊನೆಗೆ ಎಲ್ಲರಿಗೂ ಮೊದಲ ದರ್ಜೆಯ ಸರ್ಟಿಫಿಕೇಟು ಕೊಟ್ಟರು, ಕ್ಲಾಸಿಗೆ ಬಾರದವರಿಗೂ.

ಆ ಕ್ಲಾಸಿಗೆ ಹೋಗಬೇಕೆಂದು ಆಸೆಪಟ್ಟದ್ದು ನಾನಲ್ಲ, ನನ್ನ ಅಕ್ಕ. ನನಗಿಂತ ಮೂರು ವರ್ಷ ದೊಡ್ಡವಳು, ಲೆಕ್ಕದಲ್ಲಿ ನನಗಿಂತ ಮೂವತ್ತು ವರ್ಷ ದೊಡ್ಡವಳು. ಅಪ್ಪ "ಒಬ್ರನ್ನ ಕಳ್ಸಕ್ಕಾಯ್ತದೆ, ಹುಡುಗ ಓಗ್ಲಿ" ಎಂದು ಒಂದೇ ಮಾತಿನಲ್ಲಿ ತೀರ್ಮಾನ ಮಾಡಿದರು. ಅಕ್ಕ ಸಂಜೆ ನನ್ನ ಪುಸ್ತಕ ತೆಗೆದುಕೊಂಡು, ನಾನು ಬರೆದ ಪ್ರೋಗ್ರಾಮುಗಳನ್ನು ಪೆನ್ಸಿಲಿನಲ್ಲಿ ತಿದ್ದುತ್ತಿದ್ದಳು. ಮಾರನೇ ದಿನ ಮೇಷ್ಟ್ರು ಸರಿ ಗುರುತು ಹಾಕಿ ನನ್ನ ಬೆನ್ನು ತಟ್ಟುತ್ತಿದ್ದರು. ಆಮೇಲೆ ಅವಳನ್ನು ಮದ್ದೂರಿಗೆ ಮದುವೆ ಮಾಡಿಕೊಟ್ಟರು. ಸೋಮನಹಳ್ಳಿಯಲ್ಲಿ ಮೋಟಾರಿನ ದಂಡ ಮಾಡುವ ಒಂದು ಸಣ್ಣ ಕಾರ್ಖಾನೆಗೆ ಪೆಟ್ಟಿಗೆ ಕಟ್ಟುವ ಕೆಲಸಕ್ಕೆ ಸೇರಿ, ಈಗ ಅಲ್ಲಿ ಕಂಪ್ಯೂಟರಿನಿಂದ ಓಡುವ, ಕಬ್ಬಿಣ ಕಡೆಯುವ ಲೇತ್ ಯಂತ್ರ ನಡೆಸುತ್ತಾಳೆ. ನಾನು ಸರ್ಟಿಫಿಕೇಟಿಗೆ ಚೌಕಟ್ಟು ಹಾಕಿಸಿಕೊಂಡೆ.

ಕಂಪೈಲರ್ ಈಗ ಪುಕ್ಕಟೆ ಸಿಗುತ್ತದೆ, ಯಾರು ಬೇಕಾದರೂ ಇಳಿಸಿಕೊಳ್ಳಬಹುದು ಎಂದು ಎಲ್ಲೋ ಓದಿದ್ದೆ. ಒಂದು ಭಾನುವಾರ ಕೂತು ಹುಡುಕಿದೆ. ಮೊದಲು ಸಿಕ್ಕ ಪುಟದಲ್ಲಿ ಎಮ್ಮೆ ಗಾತ್ರದ ಹಸಿರು ಗುಂಡಿ ಇತ್ತು. ಒತ್ತಿದೆ. ಒಪ್ಪುತ್ತೀರಾ ಎಂದು ಕೇಳಿದ ಕಡೆಯೆಲ್ಲ ಒಪ್ಪಿದೆ, ನಮ್ಮ ಮನೆತನವೇ ಹಾಗೆ. ಹತ್ತು ನಿಮಿಷದಲ್ಲಿ ಕಂಪ್ಯೂಟರಿನ ಒಂದು ಮೂಲೆಯಲ್ಲಿ ಯಾವುದೋ ದೇಶದ ಹವಾಮಾನ, ಇನ್ನೊಂದು ಮೂಲೆಯಲ್ಲಿ ರಾಶಿಫಲ, ನಡುವೆ ತೂಕ ಇಳಿಸುವ ಚಹಾದ ಜಾಹೀರಾತು ಕಾಣಿಸಿಕೊಂಡವು. ಕಂಪೈಲರ್ ಮಾತ್ರ ಎಲ್ಲೂ ಇರಲಿಲ್ಲ. ನನ್ನ ರಾಶಿಗೆ ಆವತ್ತು ಕಾರ್ಯಸಿದ್ಧಿ ಎಂದಿತ್ತು.

ಎರಡನೇ ಭಾನುವಾರ ನಿಜವಾದ ಪುಟ ಸಿಕ್ಕಿತು. ಅದರಲ್ಲಿ ಬಣ್ಣವಿಲ್ಲ, ಗುಂಡಿಯಿಲ್ಲ, ಸಣ್ಣ ಅಕ್ಷರದ ಒಂದು ಸಾಲು. ಒಳ್ಳೆಯ ಪದಾರ್ಥವೇ ಇರಬೇಕೆಂದು ಆಗಲೇ ಅನ್ನಿಸಿತು. ಇಳಿಸಿಕೊಂಡು, ಗಂಟು ಬಿಚ್ಚಿ, ಅಭಿಮಾನದಿಂದ "ನನ್ನ ಹೊಸ ಕುರಿ ಸಾಫ್ಟ್‌ವೇರ್" ಎಂದು ಕನ್ನಡದಲ್ಲೇ ಹೆಸರಿಟ್ಟ ಫೋಲ್ಡರಿನಲ್ಲಿ ಇಟ್ಟೆ. ಆಮೇಲೆ ಆಜ್ಞೆಗಳನ್ನು ಟೈಪಿಸುವ ಕಪ್ಪು ಪರದೆ ತೆರೆದು ಕಂಪೈಲರಿನ ಹೆಸರು ಟೈಪು ಮಾಡಿದೆ. ಇಂಥ ಆಜ್ಞೆ ನನಗೆ ಗೊತ್ತಿಲ್ಲ ಎಂದಿತು ಕಂಪ್ಯೂಟರು. ಮತ್ತೆ ಟೈಪಿಸಿದೆ. ದೊಡ್ಡ ಅಕ್ಷರದಲ್ಲಿ ಟೈಪಿಸಿದೆ. ಕಂಪ್ಯೂಟರನ್ನೇ ಆರಿಸಿ ಮತ್ತೆ ಹಾಕಿದೆ. ಕೈ ಮುಗಿದು ಟೈಪಿಸಿದೆ. ಗೊತ್ತಿಲ್ಲ ಎನ್ನುವುದರಲ್ಲಿ ಅದಕ್ಕೆ ಎಂಥ ದೃಢತೆ!

ಮದ್ದೂರಿನಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಒಬ್ಬ ಪರಿಚಯಸ್ಥನಿದ್ದ. ಮೂರನೇ ಭಾನುವಾರ ಲ್ಯಾಪ್‌ಟಾಪು ತೆಗೆದುಕೊಂಡು ಹೋಗಿ ಕಥೆಯನ್ನೆಲ್ಲ ಹೇಳಿದೆ. ಅವನು ತೆರೆದು ನೋಡುವ ಮೊದಲೇ "ಫಾರ್ಮ್ಯಾಟ್ ಮಾಡ್ಬೇಕು" ಎಂದ. ಅವನಲ್ಲಿಗೆ ಬರುವ ಎಲ್ಲ ಕಾಯಿಲೆಗೂ ಅದೇ ಮದ್ದು. ನನ್ನ ವೃತ್ತಿಯಲ್ಲೂ ಅಂಥವರಿದ್ದಾರೆ, ಕೆಮ್ಮಿದರೂ ಕುಂಟಿದರೂ ಹುಳದ ಗುಳಿಗೆಯೇ.

"ಪುಕ್ಸಟ್ಟೆ ಕಂಪೈಲರ್ ಹಾಕೊಂಡಿದೀನಿ, ಅದು ನಡೀತಿಲ್ಲ" ಎಂದೆ.

"ಪುಕ್ಸಟ್ಟೆದಾ? ಅದ್ಯಾಕ್ ಸಾ? ಕಾಸು ಕೊಟ್ಟು ತಕೊಳೋ ದೊಡ್ಡ ಕಂಪ್ನೀದು ಅದೆ ನನ್ತಾವ. ಕ್ರ್ಯಾಕ್ ಮಾಡ್ಕೊಡ್ತೀನಿ."

"ಇದನ್ನ ಮಾಡಿದೋರೇ ಧರ್ಮಕ್ಕೆ ಕೊಟ್ಟವ್ರೆ ಕಣಪ್ಪ. ಕದಿಯೋ ಅವಶ್ಯಕತೆ ಇಲ್ಲ."

ಅವನ ಮುಖ ಸಪ್ಪಗಾಯಿತು. ಕದಿಯಲು ಅವಕಾಶವೇ ಇಲ್ಲದ ವಸ್ತುವಿನ ಮೇಲೆ ಅವನಿಗೆ ನಂಬಿಕೆ ಹುಟ್ಟಲಿಲ್ಲ. "ಧರ್ಮಕ್ಕೆ ಕೊಡೋರು ಸುಮ್ಕೆ ಕೊಡಲ್ಲ ಸಾ, ಒಳಗೇನೋ ಇಟ್ಟಿರ್ತಾರೆ" ಎಂದು ಎಚ್ಚರಿಸಿ ಲ್ಯಾಪ್‌ಟಾಪು ಮುಚ್ಚಿ ಕೊಟ್ಟ.

ಮದ್ದೂರಿಗೆ ಬಂದವನು ಅಕ್ಕನ ಮನೆಗೆ ಹೋಗದಿದ್ದರೆ ಆರು ತಿಂಗಳು ಮಾತು ಕೇಳಬೇಕು, ಹೋದೆ. ಭಾನುವಾರವಾದ್ದರಿಂದ ಅವಳು ಮನೆಯಲ್ಲೇ ಇದ್ದಳು. ಬೆಳ್ಳುಳ್ಳಿ ಸುಲಿಯುತ್ತಾ "ಅದೇನ್ಲಾ ಬಗಲಲ್ಲಿ?" ಎಂದಳು. ಹೇಳಿದೆ. ಹೇಳುವಾಗ, ಅವಳಿಗೆ ಇದೆಲ್ಲ ಅರ್ಥವಾಗುವುದಿಲ್ಲವೇನೋ ಎಂಬಂತೆ ನಿಧಾನವಾಗಿ, ಕೈಯಾಡಿಸಿ ವಿವರಿಸಿದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಅವಳು ಕೈ ಒರೆಸಿಕೊಂಡು ಕನ್ನಡಕ ಹಾಕಿ ಪರದೆ ನೋಡಿದಳು. "ಇದೇನ್ ಯೋಳ್ತಾ ಅದೆ?"

"ತಪ್ಪು ಅಂತದೆ."

"ತಪ್ಪು ಅಂತ ಎಲ್ ಬರ್ದದೆ? ಓದ್ಲಾ. ನೀನು ಯೋಳಿದ್ದು ನಂಗೆ ಗೊತ್ತಿಲ್ಲ ಅಂತದೆ. ಅಂದ್ರೆ ನಿನ್ ಕಂಪೈಲರ್ ಎಲ್ ಕೂತದೆ ಅನ್ನೋದು ಇದ್ಕೆ ಗೊತ್ತಿಲ್ಲ. ಹುಡುಕೋ ಜಾಗದ್ ಪಟ್ಟಿ ಅಂತ ಒಂದು ಇರ್ತದೆ, ಅದ್ರಲ್ಲಿ ಸೇರ್ಸಬೇಕು. ನಮ್ ಮಿಷನ್ನಲ್ಲೂ ಅಂಗೇಯ."

ಒಂದು ವಾರದಿಂದ ನಾನು ಆ ವಾಕ್ಯವನ್ನು ನೋಡುತ್ತಿದ್ದೆ, ಓದಿರಲಿಲ್ಲ. ಅಕ್ಕ ಸೆಟ್ಟಿಂಗ್ಸಿನೊಳಗೆ ಹೋಗಿ ಆ ಪಟ್ಟಿ ಹುಡುಕಿ, ಫೋಲ್ಡರಿನ ವಿಳಾಸ ಸೇರಿಸಲು ಹೊರಟವಳು ಅದರ ಹೆಸರು ನೋಡಿ ನಿಂತಳು.

"ಇದ್ಯಾರ್ಲಾ ಇಂಗೆ ಹೆಸರಿಟ್ಟೋರು, ಲಗ್ನಪತ್ರಿಕೆ ತರ? ಪದಗಳ ಮಧ್ಯಮಧ್ಯ ಜಾಗ ಬುಟ್ಟಿದೀಯ, ಅದೂ ಕನ್ನಡದಲ್ಲಿ. ಅದು ಮೊದಲ್ನೇ ಜಾಗ ಬಂದ್ ಕಡೆ ಮುಗೀತು ಅನ್ಕೋತದೆ."

"ಕನ್ನಡಾಭಿಮಾನ" ಎಂದೆ.

"ಅಭಿಮಾನ ಪ್ರೋಗ್ರಾಮಿನ ಒಳಗೆ ತೋರ್ಸು. ಬಾಗಿಲಿಗೆ ಮೂರಕ್ಷರದ ಹೆಸರು ಸಾಕು."

ಅವಳ ಲೇತಿನಲ್ಲಿ ಒಂದು ಅಂಕಿಯ ಮುಂದೆ ಚುಕ್ಕಿ ಇಡುವುದು ಮರೆತರೆ, ಐವತ್ತು ಮಿಲಿಮೀಟರ್ ಸರಿಯಬೇಕಾದ ಉಳಿ ಕೂದಲೆಳೆಯಷ್ಟು ಮಾತ್ರ ಸರಿಯುತ್ತದೆಯಂತೆ. ಇಡಬಾರದ ಕಡೆ ಇಟ್ಟರೆ ಉಳಿ ಹೋಗಿ ಕಬ್ಬಿಣಕ್ಕೆ ಗುದ್ದಿ ಮುರಿಯುತ್ತದೆಯಂತೆ. ಹದಿನೈದು ವರ್ಷ ಚುಕ್ಕಿಗಳ ಜೊತೆ ಬಾಳಿದವಳಿಗೆ ನನ್ನ ಖಾಲಿ ಜಾಗಗಳು ಹಳ್ಳದಂತೆ ಕಂಡವು. ಫೋಲ್ಡರಿನ ಹೆಸರು ಬದಲಿಸಿ, ಪಟ್ಟಿಗೆ ಸೇರಿಸಿ, ಕಪ್ಪು ಪರದೆಯನ್ನು ಮುಚ್ಚಿ ತೆರೆದು ಟೈಪು ಮಾಡಿದಳು. ಕಂಪೈಲರ್ ತನ್ನ ಆವೃತ್ತಿಯ ನಂಬರು ಹೇಳಿ ಸುಮ್ಮನಾಯಿತು.

ಅದರ ಜೊತೆ ಬಂದಿದ್ದ ಮಾದರಿಯನ್ನು ನೋಡಿಕೊಂಡು, ಒಂದು ಸಣ್ಣ ಕಿಟಕಿ ತೆರೆದು "ನಮಸ್ಕಾರ" ಎನ್ನುವ ಪ್ರೋಗ್ರಾಮನ್ನು ನಾನು ಬರೆದೆ. ಅರ್ಧವಿರಾಮ ಬಿಟ್ಟ ಕಡೆಯೆಲ್ಲ ಅಕ್ಕ ಬೆರಳಿಟ್ಟು ತೋರಿಸಿದಳು. ಕಂಪೈಲರಿಗೆ ಕೊಟ್ಟೆವು, ಬೈಯದೆ ಒಪ್ಪಿಕೊಂಡಿತು. ನನ್ನ ಜೀವಮಾನದ ಮೊದಲ ಪ್ರೋಗ್ರಾಮು, ಮೂವತ್ತು ವರ್ಷ ತಡವಾಗಿ, ಹುಟ್ಟಿತು. ಹುಟ್ಟಿದ ಎರಡನೇ ಸೆಕೆಂಡಿಗೆ ಮಾಯವಾಯಿತು. ವೈರಸ್ ಕಾಯುವ ಪ್ರೋಗ್ರಾಮು ಅದನ್ನು ಅನುಮಾನಾಸ್ಪದ ವ್ಯಕ್ತಿ ಎಂದು ಬಂಧಿಸಿ, ಅಳಿಸಿ, ನಿಮ್ಮನ್ನು ಕಾಪಾಡಿದ್ದೇವೆ ಎಂದು ಅಭಿನಂದಿಸಿತು. ರಾಶಿಫಲ, ಹವಾಮಾನ, ಚಹಾ ಎಲ್ಲವೂ ಅದರ ಕಣ್ಣೆದುರೇ ಮೆರೆಯುತ್ತಿದ್ದಾಗ ತಡೆಯಲಿಲ್ಲ. ನಾನು ಬರೆದ ಒಂದು ನಮಸ್ಕಾರ ಅದಕ್ಕೆ ಅಪಾಯವಾಗಿ ಕಂಡಿತು.

ಅಕ್ಕ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ನಮ್ಮ ಫೋಲ್ಡರಿನ ತಂಟೆಗೆ ಹೋಗಬೇಡವೆಂದು ಅದಕ್ಕೆ ತಿಳಿಸಿ, ಇನ್ನೊಮ್ಮೆ ಕಂಪೈಲ್ ಮಾಡಿದಳು. ಕಿಟಕಿ ತೆರೆದುಕೊಂಡಿತು. ನಮಸ್ಕಾರದ ಜಾಗದಲ್ಲಿ ಏಳು ಪ್ರಶ್ನಾರ್ಥಕ ಚಿಹ್ನೆಗಳಿದ್ದವು. ಕಡತವನ್ನು ಕನ್ನಡ ಅಕ್ಷರ ಉಳಿಯುವ ರೀತಿಯಲ್ಲಿ ಉಳಿಸಿ, ಕಿಟಕಿಗೂ ಅದನ್ನು ಹೇಳಿಕೊಟ್ಟ ಮೇಲೆ, ಮಧ್ಯಾಹ್ನದ ಹೊತ್ತಿಗೆ, ಬೂದು ಬಣ್ಣದ ಪುಟ್ಟ ಕಿಟಕಿಯಲ್ಲಿ ನೆಟ್ಟಗೆ ನಮಸ್ಕಾರ ಬಂತು. ಅಕ್ಕ ಅದನ್ನು ಮುಚ್ಚಿದಳು, ತೆರೆದಳು, ಮತ್ತೆ ಮುಚ್ಚಿ ತೆರೆದಳು.

"ಆ ಕ್ಲಾಸಿಗೆ ನೀನು ಓಗಬೇಕಿತ್ತು ಕಣಕ್ಕ" ಎಂದೆ.

"ಈಗ ಗೊತ್ತಾಯ್ತಾ?" ಎಂದಳು, ಪರದೆಯಿಂದ ಕಣ್ಣು ತೆಗೆಯದೆ. "ಅಪ್ಪ ಯೋಳ್ದಾಗ ನೀನು ಬಾಗ್ಲಲ್ಲೇ ನಿಂತಿದ್ದೆ. ಅಕ್ಕ ಓಗ್ಲಿ ಅಂತ ಒಂದ್ ಮಾತು ಬರ್ಲಿಲ್ಲ ನಿನ್ ಬಾಯಲ್ಲಿ. ಹೊಸ ಪ್ಯಾಂಟ್ ಹೊಲಿಸ್ತಾರೆ ಅಂತ ಕುಣೀತಿದ್ದೆ."

ಅದು ನಿಜ. ಆ ಪ್ಯಾಂಟಿನ ಬಣ್ಣವೂ ನನಗೆ ನೆನಪಿದೆ. ಉಳಿದ ಬೆಳ್ಳುಳ್ಳಿಯನ್ನು ನಾನು ಸುಲಿದೆ. ಅವಳು ಅದನ್ನು ಕ್ಷಮಾಪಣೆಯೆಂದು ಒಪ್ಪಿಕೊಂಡಳೋ ಇಲ್ಲವೋ ತಿಳಿಯದು, ಸರಿಯಾಗಿ ಸುಲಿದಿಲ್ಲವೆಂದು ಮಾತ್ರ ಹೇಳಿದಳು.

ಮುಂದಿನ ಎಂಟು ಭಾನುವಾರ ಅವಳ ಮನೆಯಲ್ಲೇ ಕೂತೆವು. ಮೊದಮೊದಲು ನಾನು ಬರೆಯುವುದು, ಅವಳು ತಿದ್ದುವುದು. ಮೂರನೇ ವಾರದ ಹೊತ್ತಿಗೆ ಅವಳು ಬರೆಯುವುದು, ನಾನು ಹನ್ನೊಂದು ಪುಸ್ತಕಗಳಿಂದ ನಂಬರು ಓದಿ ಹೇಳುವುದು. ನನ್ನ ಕೈಬರಹ ನನಗೇ ಅರ್ಥವಾಗದ ಕಡೆ ಅವಳು ಓದುತ್ತಿದ್ದಳು. ಕೊನೆಗೆ ನಂಬರು ಒತ್ತಿದರೆ ಕುರಿಯ ಮೂರು ತಲೆಮಾರು ಮರದ ಕೊಂಬೆಗಳಂತೆ ಬಿಚ್ಚಿಕೊಳ್ಳುವ ಪ್ರೋಗ್ರಾಮು ತಯಾರಾಯಿತು. ಎರಡು ಕುರಿಗಳ ನಂಬರು ಕೊಟ್ಟರೆ ಅವು ಎಷ್ಟು ಹತ್ತಿರದ ನೆಂಟರು ಅನ್ನುವುದನ್ನೂ ಅಕ್ಕ ಸೇರಿಸಿದ್ದಳು. ನಾನು ಕೇಳಿರಲಿಲ್ಲ. ನಾನು ಕೇಳಿದ್ದು ಮೊದಲ ಪುಟದಲ್ಲಿ ನನ್ನ ಹೆಸರು.

ಬಂಡೂರಿನಲ್ಲಿ ತೋರಿಸಲು ನಾನೊಬ್ಬನೇ ಹೋದೆ. ಅಕ್ಕನಿಗೆ ಸುಸ್ತಾಗಿರುತ್ತದೆ, ಯಾಕೆ ತೊಂದರೆ ಎಂದು ನನಗೆ ನಾನೇ ಹೇಳಿಕೊಂಡೆ, ಬಹಳ ಕಾಳಜಿಯಿಂದ. ಯಜಮಾನರ ಮನೆಯಲ್ಲಿ ಕಸೂತಿ ಬಟ್ಟೆ ಹೊದಿಸಿಟ್ಟ ಒಂದು ಕಂಪ್ಯೂಟರು ಇತ್ತು. ಜನ ಸೇರಿದ್ದರು, ಯಜಮಾನರು ಬಿಳಿ ಅಂಗಿ ಹಾಕಿಕೊಂಡಿದ್ದರು. ಪೆನ್‌ಡ್ರೈವಿನಿಂದ ಪ್ರೋಗ್ರಾಮನ್ನು ಹಾಕಿ ಒತ್ತಿದೆ. ಬೇಕಾದ ಒಂದು ಕಡತ ಇಲ್ಲಿಲ್ಲ ಎಂದು ಹೇಳಿ ಅದು ನಿಂತುಹೋಯಿತು. ಮತ್ತೆ ಒತ್ತಿದೆ. ಬೆಳಕವಾಡಿ ಕಡೆಯಿಂದ ಬಂದು, ಮನೆಯೊಳಗೆ ಕಾಲಿಡದೆ ಕಿಟಕಿಯಾಚೆಯೇ ನಿಂತಿದ್ದ ಒಬ್ಬರು "ಹುಳದ ಔಷಧಿನಾರ ತಂದಿದೀರಾ ಡಾಕ್ಟ್ರೇ?" ಎಂದು ಕೇಳಿದರು. ತಂದಿರಲಿಲ್ಲ.

ಹೊರಗೆ ಬಂದು, ಒಂದು ಗೆರೆ ಸಿಗ್ನಲ್ ಸಿಗುವ ಹುಣಸೆಮರದ ಕೆಳಗೆ ನಿಂತು ಅಕ್ಕನಿಗೆ ಫೋನು ಮಾಡಿದೆ.

"ಏನ್ ಬರ್ದದೆ ಓದು" ಎಂದಳು. ಈ ಸಲ ಓದಿದ್ದೆ, ಹೇಳಿದೆ. "ಕಂಪೈಲರ್ ಜೊತೆ ಬಂದಿರೋ ಒಂದು ಕಡತ ಅದು. ನಿನ್ ಲ್ಯಾಪ್‌ಟಾಪಲ್ಲಿ ಇತ್ತು, ಅದ್ಕೆ ನಡೀತು, ಅಲ್ಲಿಲ್ಲ. ಎಲ್ಲಾನೂ ಒಂದೇ ಗಂಟಿಗೆ ಸೇರ್ಸಿ ಕಂಪೈಲ್ ಮಾಡ್ಬೋದು, ಮಾಡ್ಕೊಡ್ತೀನಿ. ಅಲ್ಲಾ, ಅಲ್ಲಿಗೆ ಒಬ್ಬನೇ ಯಾಕ್ ಹೋದೆ?"

ಸಿಗ್ನಲ್ ಸರಿಯಿಲ್ಲ ಎಂದು ಫೋನು ಇಟ್ಟೆ.

ಮುಂದಿನ ಭಾನುವಾರ ಅಕ್ಕನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋದೆ. ಪ್ರೋಗ್ರಾಮು ಒಂದೇ ಏಟಿಗೆ ತೆರೆದುಕೊಂಡಿತು. ಯಜಮಾನರು ಹೆಮ್ಮೆಯಿಂದ ತಮ್ಮ ದೊಡ್ಡ ಟಗರಿನ ನಂಬರು ಹೇಳಿದರು. ಮರ ಬಿಚ್ಚಿಕೊಂಡಿತು. ಒಂದೇ ನಂಬರು ಎರಡು ಕೊಂಬೆಗಳಲ್ಲಿ ಕೂತಿತ್ತು.

"ಇದೇನಿದು, ಎರಡು ಕಡೆ ಬಂದದೆ?"

"ನಿಮ್ ಟಗರಿನ ಅಪ್ಪ ಕಣಣ್ಣ" ಎಂದಳು ಅಕ್ಕ. "ತಾಯಿ ಕಡೆಯ ತಾತನೂ ಅವನೇ."

ಯಾರೋ ಹಿಂದೆ ಕಿಸಕ್ಕೆಂದರು. ಯಜಮಾನರು ಪರದೆಯನ್ನೂ ಅಕ್ಕನನ್ನೂ ನೋಡಿ, ಕೊನೆಗೆ ಬೈಯಲು ನನ್ನನ್ನು ಆರಿಸಿಕೊಂಡರು. "ನಿಮ್ ಡಬ್ಬ ಸುಳ್ ಯೋಳ್ತದೆ ಡಾಕ್ಟ್ರೇ. ಪುಕ್ಸಟ್ಟೆದು ಇನ್ನೇನ್ ಯೋಳ್ತದೆ?"

"ನೀವೇ ಬರ್ಸಿರೋದು ಸ್ವಾಮಿ" ಎಂದು ಏಳನೇ ಪುಸ್ತಕ ತೆಗೆದು, ಅವರದೇ ಸಹಿ ಇರುವ ಪುಟ ತೋರಿಸಿದೆ. ಅಕ್ಕ ಸುಮ್ಮನಿರಬಹುದಿತ್ತು. ಆದರೆ ಅವಳು ಈಗಿನ ಹದಿನಾಲ್ಕು ಹೆಣ್ಣು ಕುರಿಗಳ ನಂಬರನ್ನೂ ಒತ್ತಿ, ಹತ್ತು ಕುರಿಗಳು ಆ ಟಗರಿನ ಸ್ವಂತ ಮಕ್ಕಳು ಎಂದು ಓದಿದಳು. "ಇವುಕ್ಕೂ ಅದೇ ಟಗರು ಬುಟ್ರೆ ಮರಿಗಳು ಸರಿಯಾಗಿ ಹುಟ್ತಾವಾ ಅಣ್ಣ?"

"ಬೊಂಬಾಟಾಗಿ ಹುಟ್ತವೆ" ಎಂದರು ಯಜಮಾನರು. ಬಾಗಿಲ ಬಳಿ ನಿಂತಿದ್ದ ಅವರ ಹೆಂಡತಿ ನೆಲ ನೋಡಿದರು. ಆವತ್ತು ನಮಗೆ ಕಾಫಿ ಬರಲಿಲ್ಲ. ನಮ್ಮ ಕಡೆ ಕಾಫಿ ಕೊಡದೆ ಕಳಿಸುವುದೆಂದರೆ ಕೈ ಮಾಡಿದ್ದಕ್ಕೆ ಎರಡು ಮೆಟ್ಟಿಲು ಮಾತ್ರ ಕಡಿಮೆ.

ನಾಲ್ಕು ದಿನ ಬಿಟ್ಟು ಆ ಹೆಂಗಸು ಒಬ್ಬರೇ ಬಸ್ಸಿನಲ್ಲಿ ಮಳವಳ್ಳಿಗೆ ಬಂದರು. ಈ ವರ್ಷ ಆರು ಮರಿ ಸತ್ತಿವೆ, ಎರಡಕ್ಕೆ ಕಾಲೇ ನೆಟ್ಟಗಿರಲಿಲ್ಲ, ಎಲ್ಲವನ್ನೂ ನಾನೇ ಹಿತ್ತಿಲಲ್ಲಿ ಹೂತಿದ್ದೇನೆ ಎಂದರು. "ಯಾರೋ ಕಣ್ ಹಾಕವ್ರೆ ಅಂತ ನಮ್ ಯಜಮಾನ್ರು ನಿಂಬೆಹಣ್ಣು ಕಟ್ತಾರೆ. ಯಾವ ಟಗರು ಬುಟ್ರೆ ಸರೋಗ್ತದೆ ಅಂತ ಆಯಮ್ಮನ್ನ ಒಸಿ ಕೇಳಿ ಡಾಕ್ಟ್ರೇ." ಕೇಳಬೇಕಾದದ್ದು ನನ್ನನ್ನಲ್ಲ ಎಂಬುದು ಅವರಿಗೆ ಆಗಲೇ ತಿಳಿದಿತ್ತು.

ಅಕ್ಕ ಸುತ್ತಮುತ್ತಲ ಊರುಗಳ ಎಲ್ಲ ಟಗರುಗಳನ್ನೂ ಆ ಕುರಿಗಳ ಜೊತೆ ಒಂದೊಂದಾಗಿ ಹೋಲಿಸಿ ನೋಡಿದಳು. ಎಲ್ಲವೂ ನೆಂಟರೇ. ಮೂರು ತಲೆಮಾರಿನಲ್ಲಿ ನಂಟೇ ಇಲ್ಲದ ಒಂದೇ ಒಂದು ಟಗರು ಸಿಕ್ಕಿತು. ಬೆಳಕವಾಡಿಯ ಒಬ್ಬರದು, ನನ್ನನ್ನು ಹುಳದ ಔಷಧಿ ಕೇಳಿದ್ದರಲ್ಲ, ಅವರದೇ. ಅವರು ಯಜಮಾನರ ದಾಯಾದಿ. ಕಾಲುವೆ ನೀರಿನ ಸರದಿಯ ಜಗಳದ ಮೇಲೆ ಒಂಬತ್ತು ವರ್ಷದಿಂದ ಇಬ್ಬರಿಗೂ ಮಾತಿರಲಿಲ್ಲ. ಪ್ರೋಗ್ರಾಮಿನಲ್ಲಿ ಅದನ್ನು ಹಾಕುವ ಜಾಗ ಇರಲಿಲ್ಲ.

"ಮಾತು ಬುಟ್ಟಿರೋದು ಗಂಡಸ್ರು" ಎಂದರು ಆ ಹೆಂಗಸು. "ಕುರಿಗಳೇನ್ ಜಗಳ ಆಡಿಲ್ವಲ್ಲ." ಮಾರನೇ ವಾರ ನಾಲ್ಕು ಕುರಿಗಳನ್ನು ಗೂಡ್ಸ್ ಆಟೋದಲ್ಲಿ ಹತ್ತಿಸಿಕೊಂಡು ತಾವೇ ಬೆಳಕವಾಡಿಗೆ ಹೋದರು. ಯಜಮಾನರು ಆವತ್ತು ಬೆಳಿಗ್ಗೆಯೇ ಮಂಡ್ಯದಲ್ಲಿ ಏನೋ ಕೆಲಸವಿದೆಯೆಂದು ಹೊರಟುಹೋಗಿದ್ದರು. ಹೀಗೆ ಅವರಿಗೆ ಏನೂ ಗೊತ್ತಾಗಲಿಲ್ಲ. ಸಂಜೆ ಬಂದು ದೊಡ್ಡಿಯಲ್ಲಿ ನಾಲ್ಕು ಕುರಿ ಕಡಿಮೆಯಿರುವುದೂ ಗೊತ್ತಾಗಲಿಲ್ಲ.

ಕುರಿಗಳು ಗಬ್ಬವಾಗಿ ದೊಡ್ಡಿಗೆ ವಾಪಸು ಬಂದು, ಐದು ತಿಂಗಳಾದ ಮೇಲೆ ನಾಲ್ಕೂ ಈದವು. ಐದು ಮರಿ, ಐದೂ ಎದ್ದು ನಿಂತು ಮೊಲೆ ಹುಡುಕಿದವು. ನಾನು ಹೋಗಿ ಬಿಲ್ಲೆ ಹಾಕಿದೆ. ಆ ಹೆಂಗಸು ಒಂದು ಮರಿಯನ್ನು ಮಡಿಲಲ್ಲಿಟ್ಟುಕೊಂಡು ಅದರ ಕಾಲನ್ನು ಸವರುತ್ತಾ ತುಂಬಾ ಹೊತ್ತು ಕೂತಿದ್ದರು. ಯಜಮಾನರು ಬಿಳಿ ಅಂಗಿಯಲ್ಲಿ ಬಂದು, ನೋಡಲು ಬಂದವರಿಗೆಲ್ಲ "ಹೊಸ ರಕ್ತ ತರಬೇಕು ಕಣ್ರಯ್ಯ, ನಾನು ಎಷ್ಟ್ ವರ್ಷದಿಂದ ಯೋಳ್ತಾ ಇವ್ನಿ" ಎಂದು ವಿವರಿಸಿದರು. ಬೆಳಕವಾಡಿಯವರ ಜೊತೆ ಈಗ ಅವರು ಮಾತಾಡುತ್ತಾರೆ. ಮುಖ್ಯವಾಗಿ, ಯಾರ ಟಗರು ಹೆಚ್ಚು ಅಸಲಿ ಎಂದು ಜಗಳವಾಡಲು.

ನನಗೆ ಈಗ ಹಳ್ಳಿಗಳಿಂದ ಬಹಳ ಫೋನು ಬರುತ್ತವೆ. ನನ್ನ ಕುಶಲ ಕೇಳಿದ ಶಾಸ್ತ್ರ ಮಾಡಿ, "ಅಕ್ಕಾವ್ರು ಯಾವತ್ ಬತ್ತಾರೆ?" ಎನ್ನುತ್ತಾರೆ. ಅಕ್ಕ ಕಾರ್ಖಾನೆಯಲ್ಲಿ ಯಾವ ಉಳಿ ಎಷ್ಟು ದಿನಕ್ಕೆ ಸವೆಯುತ್ತದೆ ಎಂದು ನೆನಪಿಡುವ ಇನ್ನೊಂದು ಪ್ರೋಗ್ರಾಮು ಬರೆದಿದ್ದಾಳೆ. ಅದನ್ನು ನೋಡಿದ ಹೊಸ ಇಂಜಿನಿಯರ್ ಇದನ್ನು ಎಲ್ಲಿ ಕಲಿತಿರಿ ಮೇಡಂ ಎಂದು ಕೇಳಿದನಂತೆ. ಅದಕ್ಕೆ ಏನೆಂದಳೆಂದು ವಿಚಾರಿಸಿದೆ.

"ಪುಕ್ಸಟ್ಟೆ ಸಿಕ್ತು ಅಂದೆ" ಎಂದಳು. "ಸ್ಕೂಟ್ರಿಗೆ ಪೆಟ್ರೋಲ್ ಹಾಕ್ಸಿದೀಯಾ? ಬೆಳಕವಾಡೀಲಿ ಹತ್ತು ಗಂಟೆಗೆ ಬತ್ತೀನಿ ಅಂದಿದೀನಿ."